ಪ್ರೊಬೇಷನ್: ನಿಗಾನೋ, ಉಸ್ತುವಾರಿನೋ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ವಕೀಲ ಗೆಳೆಯರೊಬ್ಬರು ಕಾನೂನು ಅರಿವು ಕಾರ್ಯಕ್ರಮದಲ್ಲಿ ಹಂಚೋದಕ್ಕೆ ಒಂದು ಪುಟದ ಕರಪತ್ರ ಬರೆದುಕೊಡಿ ಅಂದಿದ್ದಾರೆ. ವಿಷಯ ಇಷ್ಟೇ: ತಪ್ಪು ಸಾಬೀತಾದ ಮೇಲೂ ಕೋರ್ಟು ಜೈಲಿಗೆ ಕಳಿಸದೆ, ಊರಲ್ಲೇ ಇದ್ದು ಸರಿಯಾಗಿ ನಡೆದುಕೋ ಅಂತ ಬಿಡೋದು. ಅಂದರೆ ಪ್ರೊಬೇಷನ್. ಮಕ್ಕಳದ್ದಲ್ಲ, ದೊಡ್ಡವರದ್ದು. ಇದಕ್ಕೆ ಸಂತೆಗೆ ಬಂದವರಿಗೂ ತಿಳಿಯುವ ಕನ್ನಡ ಪದ ಬೇಕಾಗಿದೆ. ಗೆಳೆಯರು 'ನಿಗಾ' ಆಗಲಿ ಅನ್ನುತ್ತಾರೆ.

ಪ್ರೊಬೇಷನ್ ಅಂತಲೇ ಇಟ್ಟುಕೊಳ್ಳಿ ಅಂತ ಯಾರಾದರೂ ಹೇಳೇ ಹೇಳುತ್ತೀರಿ. ಇಟ್ಟುಕೊಳ್ಳಬಹುದಿತ್ತು. ಆದರೆ ನಮ್ಮಲ್ಲಿ ಆ ಪದವನ್ನು ನೌಕರಿಯವರು ಆಗಲೇ ತೆಗೆದುಕೊಂಡು ಹೋಗಿದ್ದಾರೆ. ಕೆಪಿಎಸ್‌ಸಿಗೆ ಓದುವ ಹುಡುಗರಿಗೆ ಗೆಜೆಟೆಡ್ ಪ್ರೊಬೇಷನರ್ ಅಂದರೆ ನಾಳೆಯ ತಹಶೀಲ್ದಾರ್. ಪಿಒ ಅಂದರೆ ಬ್ಯಾಂಕಿನ ಪ್ರೊಬೇಷನರಿ ಆಫೀಸರ್. 'ನಮ್ಮ ಹುಡುಗ ಪ್ರೊಬೇಷನ್‌ನಲ್ಲಿದ್ದಾನೆ' ಅಂದರೆ ಕೇಳಿದವರು ಸಿಹಿ ಎಲ್ಲಿ ಅಂತಾರೆ. ಕಾನೂನಿನಲ್ಲಿ ಪ್ರೊಬೇಷನರ್ ಅಂದರೆ ತಪ್ಪಿತಸ್ಥ ಅಂತ ತೀರ್ಪಾದ ಮನುಷ್ಯ!

ಸರ್ಕಾರಿ ಕಾಗದದಲ್ಲಿ ಪ್ರೊಬೇಷನ್ ಆಫೀಸರ್‌ಗೆ ಪರಿವೀಕ್ಷಣಾಧಿಕಾರಿ ಅನ್ನುತ್ತಾರೆ. ಪದ ತಪ್ಪೇನಲ್ಲ. ಆದರೆ ಕರೆಂಟಿನವರ ವಿದ್ಯುತ್ ಪರಿವೀಕ್ಷಣಾಲಯವೂ ಇದೆ, ಶಾಲೆಗೆ ಬರುವ ವಿಷಯ ಪರಿವೀಕ್ಷಕರೂ ಇದ್ದಾರೆ. ಬಾಗಿಲಿಗೆ ಬಂದು 'ನಾನು ಪರಿವೀಕ್ಷಣಾಧಿಕಾರಿ' ಅಂದರೆ ಮನೆಯವರು ಮೀಟರ್ ಬೋರ್ಡ್ ತೋರಿಸಿಯಾರು.

ಪದ ಆರಿಸೋಕೆ ಮೊದಲು ಕೆಲಸ ಏನು ಅಂತ ನೋಡಬೇಕಲ್ವಾ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಬೀಳಬಹುದಾದ ಅಪರಾಧ ಅಲ್ಲದಿದ್ದರೆ, ಕೋರ್ಟು ತಕ್ಷಣ ಶಿಕ್ಷೆ ಹೇಳದೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಅವಧಿ ಹೆಚ್ಚೆಂದರೆ 3 ವರ್ಷ. ಅಷ್ಟರಲ್ಲಿ ಕರೆದಾಗ ಬಂದು ಶಿಕ್ಷೆ ತೆಗೆದುಕೊಳ್ಳುತ್ತೇನೆ, ಅಲ್ಲಿಯವರೆಗೆ ನೆಟ್ಟಗಿರುತ್ತೇನೆ ಅಂತ ಬರೆದುಕೊಡಬೇಕು. ಅವನಿಗೋ ಜಾಮೀನುದಾರನಿಗೋ ಆ ಕೋರ್ಟಿನ ವ್ಯಾಪ್ತಿಯಲ್ಲಿ ಖಾಯಂ ಮನೆ ಇಲ್ಲವೇ ಕೆಲಸ ಇರಬೇಕು. ಇದರ ಜೊತೆಗೆ ಪ್ರೊಬೇಷನ್ ಆಫೀಸರ್ ಕೈಕೆಳಗೆ ಇರಲಿ ಅಂತಲೂ ಕೋರ್ಟು ಆದೇಶ ಮಾಡಬಹುದು. ಹಾಗೆ ಮಾಡಿದರೆ ಕನಿಷ್ಠ 1 ವರ್ಷ. ಎಲ್ಲಿ ವಾಸ ಮಾಡಬೇಕು, ಕುಡಿಯಬಾರದು ಅಂತೆಲ್ಲ ಷರತ್ತು ಹಾಕಬಹುದು. ಆ ಷರತ್ತುಗಳನ್ನು ಅವನಿಗೆ ವಿವರಿಸಿ ಹೇಳಬೇಕು, ಆದೇಶದ ಪ್ರತಿ ಕೈಗೆ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ವಿವರಿಸೋದು ಯಾವ ಮಾತಲ್ಲಿ? ನನ್ನ ತಲೆಬಿಸಿ ಇರೋದೇ ಅಲ್ಲಿ.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿರುವ 20 ವರ್ಷದ ಹುಡುಗ ಅಂದುಕೊಳ್ಳಿ. ಸಣ್ಣ ಕಳ್ಳತನ, ಮೊದಲ ಸಲ. 21 ತುಂಬದವರನ್ನು ಜೈಲಿಗೆ ಕಳಿಸುವ ಮೊದಲು ಕೋರ್ಟು ಪ್ರೊಬೇಷನ್ ಆಫೀಸರ್ ಹತ್ತಿರ ವರದಿ ತರಿಸಿಕೊಂಡು ನೋಡಬೇಕು. ಆಫೀಸರ್ ಮನೆಗೆ ಬರುತ್ತಾರೆ. ಮನೆಯಲ್ಲಿ ದುಡಿಯೋರು ಯಾರು, ಹುಡುಗ ಯಾರ ಜೊತೆ ಓಡಾಡುತ್ತಾನೆ, ಸಾಲಗೀಲ ಇದೆಯಾ ಅಂತ ಕೇಳುತ್ತಾರೆ. ಆ ವರದಿ ಗೋಪ್ಯ. ಆದರೆ ಬೀದಿಗೆ ಗೋಪ್ಯ ಎಲ್ಲಿದೆ? ಪಕ್ಕದ ಮನೆ ಅಜ್ಜಿ, 'ಯಾರವ್ವ ಅದು ಫೈಲ್ ಹಿಡ್ಕೊಂಡು ಬಂದಿದ್ದು?' ಅಂತ ಕೇಳೋದು ಗ್ಯಾರಂಟಿ. ಅವರಮ್ಮ ಏನಂತ ಹೇಳಬೇಕು? 'ನಿಗಾ ಇಡೋರು' ಅಂದರೆ ಸಂಜೆಯೊಳಗೆ ಭಟ್ಟಿ ಮಾಲೀಕನಿಗೆ ಸುದ್ದಿ ಹೋಗಿ ಕೆಲಸಕ್ಕೇ ಸಂಚಕಾರ. ಆದರೆ ಅಂಥವರಿಗೆ ಕೆಲಸ ಹುಡುಕಿಕೊಡಲು ಪ್ರಯತ್ನ ಮಾಡೋದೂ ಅದೇ ಆಫೀಸರ್ ಕರ್ತವ್ಯ, ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಬರೆದಿದೆ.

ಹಾಗಾಗಿ ನನ್ನ ಒಲವು 'ಉಸ್ತುವಾರಿ' ಕಡೆಗೆ. ನೋಡಿಕೊಳ್ಳೋದು, ಜವಾಬ್ದಾರಿ, ಸ್ವಲ್ಪ ಅಧಿಕಾರ, ಮೂರೂ ಅದರಲ್ಲಿವೆ. ಜಾತ್ರೆ ಉಸ್ತುವಾರಿ, ಮದುವೆ ಅಡುಗೆ ಉಸ್ತುವಾರಿ ಅಂತ ದಿನಾ ಆಡುವ ಪದ. ಜಿಲ್ಲಾ ಉಸ್ತುವಾರಿ ಸಚಿವರು ನೆನಪಾಗುತ್ತಾರೆ ಅನ್ನೋದೊಂದೇ ತೊಂದರೆ. ಗೆಳೆಯರು ಮಾತ್ರ ನಿಗಾ ಬಿಡೋದಿಲ್ಲ. ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ ಇಲ್ವಾ, ಅಲ್ಲೇನು ಪೊಲೀಸರಿರುತ್ತಾರಾ ಅನ್ನುತ್ತಾರೆ. ಮಾತಿಗೆ ಸರಿ. ಆದರೆ ರೌಡಿ ಶೀಟರ್‌ಗಳ ಸುದ್ದಿಯಲ್ಲಿ ಬರುವ ನಿಗಾ ಕಿವಿಯಲ್ಲಿ ಜಾಸ್ತಿ ಕೂತಿದೆ. 'ಹದ್ದುಬಸ್ತು' ಅಂತಲೂ ಒಬ್ಬರು ಹೇಳಿದರು. ಕೇಳೋಕೆ ಚೆನ್ನಾಗಿದೆ, ಆದರೆ ಸರ್ವೆ ಆಫೀಸಿಗೆ ಅರ್ಜಿ ಹಾಕಿದವರಿಗೆ ಹೊಲದ ಬಾಂದುಕಲ್ಲೇ ಕಣ್ಣಮುಂದೆ ಬರೋದು.

ಇನ್ನೊಂದು ಕಗ್ಗಂಟು 'ಸನ್ನಡತೆ'. ಕಾಯ್ದೆಯ 4ನೇ ಸೆಕ್ಷನ್ನಿಗೆ 'ಸನ್ನಡತೆಯ ಮೇಲೆ ಬಿಡುಗಡೆ' ಅಂತ ಬರೆಯೋಣ ಅನ್ನಿಸುತ್ತದೆ. ಆದರೆ ಗಣರಾಜ್ಯ ದಿನ ಬಂದರೆ ಪತ್ರಿಕೆಯಲ್ಲಿ 'ಸನ್ನಡತೆ ಆಧಾರದಲ್ಲಿ ಕೈದಿಗಳ ಬಿಡುಗಡೆ' ಅಂತ ಓದುತ್ತೇವೆ. ಅದು ಜೈಲಿನಲ್ಲಿ ವರ್ಷಗಟ್ಟಲೆ ಕಳೆದವರಿಗೆ ಸರ್ಕಾರ ಅವಧಿಗೆ ಮುಂಚೆ ಕೊಡೋದು. ಇದು ಜೈಲಿಗೇ ಹೋಗದವನಿಗೆ ಕೋರ್ಟು ಕೊಡೋದು. ಅಲ್ಲಿ ಸನ್ನಡತೆ ಆಗಿಹೋದದ್ದು, ಇಲ್ಲಿ ಮುಂದೆ ಆಗಬೇಕಾದದ್ದು. ಇದು ಸಾಲದು ಅಂತ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 110ನೇ ಸೆಕ್ಷನ್ನಿನಲ್ಲಿ, ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 129ರಲ್ಲಿ, ಹಳೇ ಚಾಳಿಯವರಿಂದ ಬರೆಸಿಕೊಳ್ಳುವ ಸನ್ನಡತೆಯ ಮುಚ್ಚಳಿಕೆ ಬೇರೆ ಇದೆ. ಕರಪತ್ರದಲ್ಲಿ ಸನ್ನಡತೆಯನ್ನು ಪೂರ್ತಿ ಬಿಟ್ಟು 'ಸರಿಯಾಗಿ ನಡೆದುಕೊಳ್ಳುವ ಮುಚ್ಚಳಿಕೆ' ಅಂತ ಹಾಕಿದ್ದೇನೆ. ಉದ್ದವಾಯಿತು, ಇರಲಿ.

'ಬಿಡುಗಡೆ' ಪದಕ್ಕೂ ಒಂದು ಸಾಲು ಸೇರಿಸಲೇಬೇಕಾಯಿತು. ಕೋರ್ಟಿಂದ ಹೊರಗೆ ಬಂದವರು 'ಕೇಸು ಖುಲಾಸೆ ಆಯ್ತು' ಅಂತ ಊರಲ್ಲಿ ಹೇಳಿಕೊಳ್ಳುತ್ತಾರೆ. ಖುಲಾಸೆ ಅಲ್ಲ. ತಪ್ಪು ಸಾಬೀತಾಗಿದೆ, ಶಿಕ್ಷೆ ತಡೆದು ನಿಂತಿದೆ ಅಷ್ಟೇ. ಷರತ್ತು ಮುರಿದರೆ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೊದಲ ಸಲ ಮುರಿದದ್ದಾದರೆ ಮುಚ್ಚಳಿಕೆ ಹಾಗೇ ಇಟ್ಟು 50 ರೂಪಾಯಿಯವರೆಗೆ ದಂಡ ಹಾಕಿ ಬಿಡಬಹುದು. 1958ರ 50 ರೂಪಾಯಿ! ಈಗ ಒಂದು ಬೆಣ್ಣೆ ದೋಸೆಗೆ ಸಾಕಾದರೆ ಹೆಚ್ಚು.

ಈ ಗೊಂದಲ ನಮ್ಮಲ್ಲಿ ಮಾತ್ರ ಅಲ್ಲ. ಪ್ರೊಬೇಷನ್ನಿನ ಬೇರು ಲ್ಯಾಟಿನ್ನಿನ 'ಪರೀಕ್ಷಿಸು' ಅನ್ನುವ ಪದ. 1841ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಅಗಸ್ಟಸ್ ಅನ್ನುವ ಬೂಟು ಮಾಡುವವನು ಒಬ್ಬ ಕುಡುಕನಿಗೆ ಜಾಮೀನು ನಿಂತು, ಅವನ ಕುಡಿತ ಬಿಡಿಸಿ ಕೋರ್ಟಿಗೆ ಕರೆತಂದ. ಅಲ್ಲಿಂದ ಶುರುವಾದ ಪದ್ಧತಿ ಇದು. ಟೆಕ್ಸಾಸ್ ರಾಜ್ಯದ ಕಾನೂನು ಮಾತ್ರ ದೊಡ್ಡವರ ವಿಷಯದಲ್ಲಿ ಪ್ರೊಬೇಷನ್ ಅನ್ನೋದನ್ನೇ ಬಿಟ್ಟು, ಸಮುದಾಯದೊಳಗಿನ ಉಸ್ತುವಾರಿ ಅನ್ನುವ ಅರ್ಥದ ಹೆಸರು ಇಟ್ಟುಕೊಂಡಿದೆ. ಅದನ್ನು ನೋಡಿದ ಮೇಲೆ ನನಗೆ ಇನ್ನಷ್ಟು ಧೈರ್ಯ ಬಂತು. ಆದರೆ 'ಸಮುದಾಯ' ಸೇರಿಸೋದು ಬೇಡ. ಹೊಸ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಅನ್ನೋದೇ ಬೇರೆ ಶಿಕ್ಷೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಸಲ ಸಿಕ್ಕಿಬಿದ್ದವನು ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಆ ಶಿಕ್ಷೆ. ಅದರಲ್ಲಿ ಸಂಬಳವಿಲ್ಲದ ಕೆಲಸ ಮಾಡಬೇಕು. ಎರಡೂ ಕಲಸಿಹೋಗುತ್ತವೆ.

ಪ್ರೊಬೇಷನ್ ಆಫೀಸರ್‌ಗೆ 'ಕೋರ್ಟಿನ ಉಸ್ತುವಾರಿ ಅಧಿಕಾರಿ' ಅಂತ ಮಾಡಿ, ಪಕ್ಕದಲ್ಲಿ ಪರಿವೀಕ್ಷಣಾಧಿಕಾರಿ ಅಂತಲೂ ಹಾಕಿದ್ದೇನೆ. ಆಫೀಸು ಹುಡುಕುವಾಗ ಬೋರ್ಡಿನ ಮೇಲಿರುವ ಪದವೂ ಬೇಕಲ್ಲ. ಉಳಿದಿರೋದು ಹೀಗೆ ಮುಚ್ಚಳಿಕೆ ಬರೆದುಕೊಟ್ಟು ಹೊರಗೆ ಬಂದ ಮನುಷ್ಯನಿಗೆ ಏನನ್ನೋದು. ಅಪರಾಧಿ ಬೇಡ, ಆರೋಪಿ ಅಂದರೆ ತಪ್ಪು. 'ಮುಚ್ಚಳಿಕೆದಾರ' ಹೇಗೆ? ಜಾಮೀನುದಾರ, ಸಾಲಗಾರ, ಬಾಕಿದಾರ ಎಲ್ಲ ನಡೆಯುತ್ತವೆ, ಇದೂ ನಡೆಯಬೇಕು. ಕೋರ್ಟು ಕಚೇರಿಯಲ್ಲಿ ಈ ಪದ ಆಗಲೇ ಬೇರೆ ಅರ್ಥದಲ್ಲಿ ಓಡುತ್ತಿದ್ದರೆ ಗೊತ್ತಿದ್ದವರು ಹೇಳಿ. ಚಿತ್ರದುರ್ಗ, ಹಿರಿಯೂರು ಕಡೆಯ ವಕೀಲರ ಗುಮಾಸ್ತರು ಯಾರಾದರೂ ಇಲ್ಲಿದ್ದರೆ, ಕಕ್ಷಿದಾರರಿಗೆ ನೀವು ಬಾಯಲ್ಲಿ ಏನಂತ ಹೇಳುತ್ತೀರಿ ಅನ್ನೋದನ್ನೂ ಬರೆಯಿರಿ.