ಅಜ್ಜ ಕಟ್ಟಿಸಿದ ಮನೆಯ ಹಂಚು ಇಳಿಸಬೇಕಾಗಿದೆ, ಅನುಭವ ಇರುವವರು ತಿಳಿಸಿ

ಕೇಳಿದವರು, ಕಾಸರಗೋಡಿನ ನೀರ್ಚಾಲಿನಿಂದ:

ನಮ್ಮ ಮನೆಯನ್ನು ಅಜ್ಜ ಕಟ್ಟಿಸಿದ್ದು 1961ರಲ್ಲಿ. ಮುರಕಲ್ಲಿನ ಗೋಡೆ, ಮರದ ಪಕ್ಕಾಸು (ಇಳಿಜಾರಿನ ತೊಲೆ), ಅದರ ಮೇಲೆ ರೀಪು (ಅಡ್ಡ ಹೊಡೆದ ಮರದ ಪಟ್ಟಿ), ಮೇಲೆ ಮಂಗಳೂರು ಹಂಚು. ಅಂದಾಜು 3,000 ಹಂಚು ಇರಬಹುದು. ಕಳೆದ ಎರಡು ಮಳೆಗಾಲ ಮಂಚದ ಸುತ್ತ ಪಾತ್ರೆ ಇಟ್ಟುಕೊಂಡು ಮಲಗಿದ್ದೇವೆ. ಈ ಸಲ ಎಲ್ಲ ಹಂಚು ಇಳಿಸಿ, ಕೆಟ್ಟ ಮರ ಬದಲಾಯಿಸಿ, ಅದೇ ಹಂಚನ್ನು ಮತ್ತೆ ಹೊದೆಸುವ ಯೋಚನೆ. ಹಿಂದಿನ ಹಟ್ಟಿಗೂ ಬಚ್ಚಲಿಗೂ ಹಳೆಯ ಸಿಮೆಂಟ್ ಶೀಟು ಇದೆ, ಅದನ್ನೂ ತೆಗೆಯಬೇಕು. ಗುತ್ತಿಗೆದಾರರೊಬ್ಬರು ಬಂದು ನೋಡಿ, "ಎರಡು ದಿನದಲ್ಲಿ ಕೆಡವಿ ಕೊಡುತ್ತೇವೆ" ಎಂದರು. ಆ ಮಾತು ಕೇಳಿದ ರಾತ್ರಿ ಅಮ್ಮನಿಗೆ ನಿದ್ದೆ ಬರಲಿಲ್ಲ. ಎಲ್ಲಿಂದ ಶುರು ಮಾಡಬೇಕು, ಯಾವ ಸಾಮಾನು ಬೇಕು, ಯಾವ ತಿಂಗಳು ಒಳ್ಳೆಯದು? ಮನೆಯಲ್ಲಿ ಇರುವುದು ಅಮ್ಮ, ನಾನು, ಕಾಲೇಜಿಗೆ ಹೋಗುವ ಮಗ.

ಪೆರ್ಲದಿಂದ:

ಅಕ್ಕ, ನಾವು 2019ರಲ್ಲಿ ಇದೇ ಕೆಲಸ ಮಾಡಿಸಿದೆವು. ಕೆಡವುವ ಮಾತಾಡಿದವರಿಗೆ ಕೆಲಸ ಕೊಡಬೇಡಿ. ಮಂಗಳೂರು ಹಂಚಿಗೆ ಮೊಳೆ ಇರುವುದಿಲ್ಲ. ಅದರ ಬೆನ್ನಿನ ಮೂಗು ರೀಪಿಗೆ ಸಿಕ್ಕಿಕೊಂಡಿರುತ್ತದೆ, ಬದಿಯ ಗಾಡಿ (ಉದ್ದ ತೋಡು) ಪಕ್ಕದ ಹಂಚಿನ ಗಾಡಿಯೊಳಗೆ ಕೂತಿರುತ್ತದೆ, ಉಳಿದದ್ದೆಲ್ಲ ಅದರ ಭಾರವೇ ನೋಡಿಕೊಳ್ಳುತ್ತದೆ. ಕೆಳ ಅಂಚನ್ನು ಎರಡು ಕೈಯಿಂದ ತುಸು ಎತ್ತಿ, ಮೂಗು ರೀಪಿನಿಂದ ಬಿಡುವಷ್ಟು ಛಾವಣಿಯ ನೆತ್ತಿಯ ಕಡೆಗೆ ಸರಿಸಿದರೆ ಹಂಚು ಕೈಗೆ ಬರುತ್ತದೆ. ಬಾರದಿದ್ದರೆ ಎಳೆಯಬಾರದು, ಎಲ್ಲೋ ಸಿಕ್ಕಿಕೊಂಡಿದೆ ಎಂದು ತಿಳಿದು ಪಕ್ಕದ್ದನ್ನು ನೋಡಬೇಕು. ಒಂದು ಸಾಲಿನಲ್ಲಿ ಯಾವ ಬದಿಯ ಹಂಚು ಇನ್ನೊಂದರ ಮೇಲೆ ಕೂತಿದೆಯೋ ಆ ಬದಿಯಿಂದ ಬಿಡಿಸುತ್ತಾ ಹೋಗಬೇಕು. ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಬಿಡಿಸಬೇಕು, ಏಕೆಂದರೆ ಪ್ರತಿ ಸಾಲಿನ ತಲೆ ಅದರ ಮೇಲಿನ ಸಾಲಿನ ಅಡಿಯಲ್ಲಿರುತ್ತದೆ.

ಕಷ್ಟ ಇರುವುದು ನೆತ್ತಿಯಲ್ಲಿ. ಅಲ್ಲಿ ಕವುಚಿ ಹಾಕಿದ ಹಂಚನ್ನು ಗಾರೆಯಲ್ಲಿ ಕೂರಿಸಿರುತ್ತಾರೆ. ಹಳೆಯ ಸುಣ್ಣದ ಗಾರೆಯಾದರೆ ಉಳಿ, ಸಣ್ಣ ಸುತ್ತಿಗೆ ಸಾಕು, ಮೆಲ್ಲನೆ ಕುಟ್ಟಿದರೆ ಹೆಕ್ಕಳಿಕೆಯಂತೆ ಎದ್ದು ಬರುತ್ತದೆ. ನಡುವೆ ಯಾರೋ ಸೋರುತ್ತದೆಂದು ಸಿಮೆಂಟು ಮೆತ್ತಿದ್ದರೆ ಮಾತ್ರ ಅರ್ಧಕ್ಕರ್ಧ ಒಡೆಯುತ್ತದೆ. ನೆತ್ತಿಯ ಹಂಚನ್ನು ಹೊಸದಾಗಿ ತರುವ ಲೆಕ್ಕ ಮೊದಲೇ ಹಾಕಿಕೊಳ್ಳಿ. ನಮ್ಮಲ್ಲಿ ಸಾದಾ ಹಂಚು 2,800ರಲ್ಲಿ ಒಡೆದದ್ದು 190.

ಸಾಮಾನು ಹೆಚ್ಚೇನೂ ಬೇಡ: ಎರಡು ಗಟ್ಟಿ ಏಣಿ, ಉಳಿ, ಸುತ್ತಿಗೆ, ರೀಪಿನ ಮೊಳೆ ಕೀಳಲು ಒಂದು ಸಲಾಕೆ, ಇಕ್ಕಳ, ಒಂದು ಅಡಿ ಅಗಲದ ಆರೇಳು ಹಲಗೆ, ದಪ್ಪ ಹಗ್ಗ, ಕೈಗವಸು, ಮನೆಯನ್ನಿಡೀ ಮುಚ್ಚುವ ಟಾರ್ಪಾಲು. ಹಲಗೆ ಬೇಕಾಗುವುದು ನಿಲ್ಲಲು. ಹಂಚಿನ ಮೇಲೆ, ಬರೀ ರೀಪಿನ ಮೇಲೆ ಯಾರೂ ಕಾಲಿಡಬಾರದು. ಕನಿಷ್ಠ ಮೂರು ಪಕ್ಕಾಸಿಗೆ ತಾಗುವಂತೆ ಹಲಗೆ ಅಡ್ಡ ಇಟ್ಟು ಕಟ್ಟಿ, ಅದರ ಮೇಲೆ ನಿಲ್ಲಬೇಕು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಕೆಲಸಕ್ಕೆ ಬಂದ ಒಬ್ಬರು, ವರ್ಷಾನುಗಟ್ಟಲೆ ಅಡಿಕೆ ಕೊನೆ ತೆಗೆದ ಅನುಭವಿ, ಎರಡನೆಯ ದಿನ ಒಂದು ರೀಪಿನ ಮೇಲೆ ಕಾಲಿಟ್ಟರು. ಮೇಲಿನಿಂದ ಕಪ್ಪಗೆ, ಗಟ್ಟಿಯಾಗಿ ಕಾಣುತ್ತಿದ್ದ ರೀಪಿನ ಒಳಗೆ ಗೆದ್ದಲು ತಿಂದು ಬರೀ ಸಿಪ್ಪೆ ಉಳಿದಿತ್ತು. ಸದ್ದೇ ಇಲ್ಲದೆ ತುಂಡಾಯಿತು. ಅವರು ಅಡಿಗೆಮನೆಯ ನೆಲಕ್ಕೆ ಬಿದ್ದು ಸೊಂಟದ ಮೂಳೆ ಮುರಿಯಿತು, ಆರು ತಿಂಗಳು ಮರ ಹತ್ತಲಾಗಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ನೆತ್ತಿಯ ಆಚೆ ಬದಿಯ ಗಟ್ಟಿ ಅಡ್ಡಮರಕ್ಕೆ ಬಿಗಿಯುವುದು ಐದು ನಿಮಿಷದ ಕೆಲಸ. ಅಂದು ಅದನ್ನು ನಾನು ಹಟ ಹಿಡಿದು ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಬೆಳಗಿನ ಇಬ್ಬನಿಗೆ ಪಾಚಿ ಜಾರುತ್ತದೆ, ಬಿಸಿಲು ಬಿದ್ದ ಮೇಲೆಯೇ ಹತ್ತಿಸಿ.

ಕೆಳಗೆ ಸಾಗಿಸಲು ಐದಾರು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಬೇಕು. ಎಸೆದು ಹಿಡಿಯುವ ಪಂದ್ಯ ಬೇಡ. ಒಂದು ಹಂಚು ಎರಡೂವರೆ ಕಿಲೋ ಎಂದರೂ ನಿಮ್ಮ ಮಾಡಿನಲ್ಲಿ (ಛಾವಣಿಯಲ್ಲಿ) ಏಳೂವರೆ ಟನ್ ಇದೆ. ಅಷ್ಟು ಭಾರ ಸಂಜೆಯ ಹೊತ್ತಿಗೆ ತೋಳಿಗೆ ಗೊತ್ತಾಗುತ್ತದೆ, ಒಡೆಯುವುದೂ ಆಗಲೇ. ನಾವು ಮೂರು ಗಂಟೆಗೆ ನಿಲ್ಲಿಸುತ್ತಿದ್ದೆವು.

ಯಾವ ತಿಂಗಳು ಎಂದು ಕೇಳಿದ್ದೀರಿ. ಫೆಬ್ರವರಿ ಕೊನೆಗೆ ಶುರು ಮಾಡಿ ಏಪ್ರಿಲ್ ನಡುವಿನ ವಿಷು ಹಬ್ಬಕ್ಕೆ ಮೊದಲು ಹೊದೆಸಿ ಮುಗಿಸಿ. ವಿಷು ದಾಟಿದರೆ ಸಂಜೆಯ ಗಾಳಿ, ಗುಡುಗು, ಮಳೆ ಯಾವಾಗ ಬರುತ್ತದೆಂದು ಹೇಳಲಾಗದು. ತೊಡಕು ಏನೆಂದರೆ ಆ ಹೊತ್ತಿಗೆ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ. ಹಂಚಿಗೆ ಬೇರೆ ಜಾಗ ಈಗಲೇ ನೋಡಿಡಿ. ನೆಲಕ್ಕೆ ಅಡಿಕೆ ಹಾಳೆ ಹಾಸಿ, ಹಂಚನ್ನು ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿ ಜೋಡಿಸಬೇಕು. ಮಲಗಿಸಿ ಪೇರಿಸಿದರೆ ಅಡಿಯ ಹಂಚುಗಳು ಭಾರಕ್ಕೆ ಬಿರುಕು ಬಿಡುತ್ತವೆ.

ಮುಳ್ಳೇರಿಯದಿಂದ:

ನಾನು ಮರಗೆಲಸದವನು, ತಂದೆಯೂ ಮರಗೆಲಸದವರೇ. ಪೆರ್ಲದವರು ಹೇಳಿದ್ದಕ್ಕೆ ಒಂದು ಮುಖ್ಯ ಸಂಗತಿ ಸೇರಿಸುತ್ತೇನೆ. ಒಂದು ಬದಿಯ ಹಂಚನ್ನು ಪೂರ್ತಿ ಇಳಿಸಿ ಆಮೇಲೆ ಇನ್ನೊಂದು ಬದಿಗೆ ಹೋಗಬೇಡಿ. ನೆತ್ತಿಯಿಂದ ಎರಡೂ ಬದಿಗೆ ಎರಡೆರಡು ಸಾಲು, ಮತ್ತೆ ಎರಡೆರಡು ಸಾಲು ಎಂದು ಸಮನಾಗಿ ಇಳಿಸಬೇಕು. ಹಳೆಯ ಮಾಡು ಎರಡು ಕಡೆಯ ಭಾರ ಒಂದನ್ನೊಂದು ತಳ್ಳಿ ಹಿಡಿಯುವುದರಿಂದ ನೆಟ್ಟಗಿರುತ್ತದೆ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಪಡುವಣ ಬದಿಯನ್ನು ಪೂರ್ತಿ ಬರಿದು ಮಾಡಿ ಊಟಕ್ಕೆ ಕೂತಿದ್ದರು. ಕೈತೊಳೆದು ಬರುವಾಗ ನೆತ್ತಿಯ ಮರ ನಾಲ್ಕು ಬೆರಳು ಪಡುವಣಕ್ಕೆ ವಾಲಿತ್ತು, ಗೋಡೆಯ ತಲೆಯ ಕಲ್ಲುಗಳು ಸಡಿಲವಾಗಿದ್ದವು. ಅದನ್ನು ನೆಟ್ಟಗೆ ಮಾಡಲು ತಗುಲಿದ ಖರ್ಚಿನಲ್ಲಿ ಹೊಸ ಪಕ್ಕಾಸು ಬರುತ್ತಿತ್ತು. ಕೆಲಸ ಶುರು ಮಾಡುವ ಮೊದಲೇ ಪಕ್ಕಾಸುಗಳಿಗೆ ಓರೆಯಾಗಿ ಎರಡು ಉದ್ದದ ಅಡಿಕೆ ಮರದ ದಬ್ಬೆ ಹೊಡೆದು ಬಿಗಿದುಬಿಡಿ.

ಮರ ಪರೀಕ್ಷಿಸಲು ಕಣ್ಣನ್ನು ನಂಬಬೇಡಿ. ಹಳೆಯ ತಿರುಪುಳಿ (ಸ್ಕ್ರೂಡ್ರೈವರ್) ತೆಗೆದುಕೊಂಡು ಪಕ್ಕಾಸಿನ ಎರಡು ಕಡೆ ಚುಚ್ಚಿ ನೋಡಿ: ಗೋಡೆಯ ಮೇಲೆ ಕೂತ ಜಾಗ, ಸೂರಿನ ತುದಿ. ಕೊಳೆಯುವುದು ಅಲ್ಲಿಂದಲೇ. ತುದಿ ಮಾತ್ರ ಹೋಗಿದ್ದರೆ ಕತ್ತರಿಸಿ ಗಟ್ಟಿ ಮರ ಜೋಡಿಸಬಹುದು, ಇಡೀ ಪಕ್ಕಾಸು ಬಿಸಾಡುವುದು ಬೇಡ. ಕಿರಾಲುಬೋಗಿ, ಹಲಸು, ಬೈನೆ ಹಾಕಿದ ಮನೆಯಾದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ ಎಂಬುದು ನನ್ನ ಅನುಭವ. ರೀಪು ಮಾತ್ರ ಎಲ್ಲವನ್ನೂ ಬದಲಾಯಿಸಿ. ಪಕ್ಕಾಸು ಇಳಿಸುವುದಾದರೆ ಬಲ ಎಡ ಗೊತ್ತಾಗುವಂತೆ ಒಂದೊಂದಕ್ಕೂ ಗುರುತು ಹಾಕಿ. ಹಳೆಯ ಗೋಡೆಯಲ್ಲಿ ಎರಡು ಪಕ್ಕಾಸು ಒಂದೇ ಅಳತೆಯವು ಇರುವುದಿಲ್ಲ.

ಮಂಜೇಶ್ವರದಿಂದ:

ಹಂಚನ್ನು ಇಳಿಸುವಾಗಲೇ ವಿಂಗಡಿಸಿ. ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಮೇಲೆ ನೇತ್ರಾವತಿಯ ದಡದಿಂದ ಕಲ್ಲಿಕೋಟೆಯ ಫೆರೋಕಿನವರೆಗೆ ಎಷ್ಟೋ ಕಾರ್ಖಾನೆಗಳಾದವು. ಎಲ್ಲವೂ ನೋಡಲು ಒಂದೇ, ಆದರೆ ಗಾಡಿಯ ಅಗಲದಲ್ಲಿ ಒಂದು ನೂಲಿನಷ್ಟು ವ್ಯತ್ಯಾಸ ಇರುತ್ತದೆ, ಒಂದಕ್ಕೊಂದು ಕೂರುವುದಿಲ್ಲ. ಆರೇಳು ದಶಕದ ಮನೆಯಲ್ಲಿ ಒಡೆದಾಗೆಲ್ಲ ತಂದು ಸೇರಿಸಿದ ಮೂರು ನಾಲ್ಕು ಹೆಸರಿನ ಹಂಚು ಇದ್ದೇ ಇರುತ್ತದೆ. ನಿಮ್ಮ ಮನೆ ಸೋರುವ ಜಾಗ ಬಹುಶಃ ಅವೇ. ಒಂದು ಹೆಸರಿನದನ್ನು ಒಂದು ಬದಿಗೆ, ಇನ್ನೊಂದನ್ನು ಹಟ್ಟಿಗೆ ಎಂದು ಬೇರೆ ಬೇರೆ ಇಟ್ಟುಬಿಡಿ.

ಬೆರಳಿನ ಗಣ್ಣಿನಿಂದ ಬಡಿದು ನೋಡಿ. ಟಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿರುಕು ಇದೆ. ಪಾಚಿಯನ್ನು ಒಣಗಿದ ಮೇಲೆ ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಜೋರು ನೀರಿನ ಯಂತ್ರ ಹೊಡೆದರೆ ಹಳೆಯ ಹಂಚಿನ ಮೇಲ್ಪದರವೇ ಎದ್ದುಹೋಗಿ ಮುಂದೆ ನೀರು ಕುಡಿಯತೊಡಗುತ್ತದೆ. ಹೊಸ ರೀಪು ಹೊಡೆಯುವ ಮೊದಲು ನಿಮ್ಮದೇ ಹತ್ತು ಹಂಚನ್ನು ನೆಲದ ಮೇಲೆ ಒಂದರ ಕೆಳಗೊಂದು ಜೋಡಿಸಿ, ಮೂಗಿನಿಂದ ಮೂಗಿಗೆ ಅಳೆದು ಸರಾಸರಿ ತೆಗೆಯಿರಿ. ರೀಪಿನ ಅಂತರ ಅದೇ ಇರಬೇಕು, ಆಚಾರಿಯವರ ನೆನಪಿನ ಅಳತೆ ಸಾಲದು.

ಉಪ್ಪಳದಿಂದ:

ಮರದ ಬದಲು ಕಬ್ಬಿಣದ ಪೈಪು ಹಾಕಿಸಿ, ಗೆದ್ದಲಿನ ಕಾಟ ಇಲ್ಲ. ನಾವು ಹಾಕಿಸಿದ್ದೇವೆ. ಆದರೆ ಸಮುದ್ರದ ಗಾಳಿಗೆ ಬೆಸುಗೆ ಹಾಕಿದ ಜಾಗ ತುಕ್ಕು ಹಿಡಿಯುತ್ತದೆ, ನಾಲ್ಕೈದು ವರ್ಷಕ್ಕೊಮ್ಮೆ ಕೆರೆದು ಬಣ್ಣ ಬಳಿಯಬೇಕು. ನೀರ್ಚಾಲು ಒಳನಾಡು, ನಿಮಗೆ ಅಷ್ಟು ತೊಂದರೆ ಆಗಲಿಕ್ಕಿಲ್ಲ.

ಕುಂಬಳೆಯಿಂದ:

ನಿಮ್ಮ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ಹಂಚಲ್ಲ, ಆ ಸಿಮೆಂಟ್ ಶೀಟು. ಹಳೆಯ ಶೀಟು ಎಂದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆ ಎಂದೇ ತಿಳಿಯಬೇಕು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ರೋಗ ಕಾಣಿಸಿಕೊಳ್ಳಲು ಹಲವು ದಶಕ ಹಿಡಿಯುತ್ತದೆ. ಶೀಟು ಇದ್ದ ಹಾಗೆ ಇದ್ದರೆ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ, ಕತ್ತರಿಸಿದಾಗ ಏಳುವ ಪುಡಿಯೇ ವಿಷ.

ಆದ್ದರಿಂದ ಶೀಟಿನ ಹತ್ತಿರ ಕತ್ತರಿಸುವ ಯಂತ್ರ ತರಲೇಬೇಡಿ. ತೆಗೆಯುವ ಮೊದಲು ನೀರಿಗೆ ತುಸು ಸೋಪು ಸೇರಿಸಿ ಎರಡೂ ಬದಿಗೆ ಚಿಮುಕಿಸಿ ನೆನೆಸಿ, ಕೆಲಸ ಮುಗಿಯುವವರೆಗೂ ಒದ್ದೆಯಾಗಿಯೇ ಇರಲಿ. ಕೊಕ್ಕೆಯ ಬೋಲ್ಟುಗಳು ತುಕ್ಕು ಹಿಡಿದು ತಿರುಗುವುದಿಲ್ಲ. ಅವನ್ನು ಉದ್ದ ಹಿಡಿಯ ಬೋಲ್ಟು ಕತ್ತರಿಯಿಂದ ತುಂಡರಿಸಿ, ಶೀಟನ್ನು ಇಡಿಯಾಗಿ ಕೆಳಗಿಳಿಸಬೇಕು. ಅದರ ಮೇಲೆ ಹತ್ತಬಾರದು, ಹಳೆಯ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಏಣಿ ಇಟ್ಟು ಅಡಿಯಿಂದಲೇ ಬಿಡಿಸಿ. ಬಟ್ಟೆಯ ಮುಖಗವಸಿನಿಂದ ಏನೂ ಪ್ರಯೋಜನವಿಲ್ಲ. ಪಿ100 ಎಂದು ಬರೆದ ಫಿಲ್ಟರು ಇರುವ ರಬ್ಬರಿನ ಮುಖಗವಸು ಬೇಕು. ಹಸುಗಳನ್ನು ಅಂದು ಬೇರೆ ಕಡೆ ಕಟ್ಟಿ, ಬಾವಿಗೆ ಟಾರ್ಪಾಲು ಮುಚ್ಚಿ. ನೆಲವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಶೀಟಿನ ಜೊತೆ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಟ್ಟಿ. ನಮ್ಮೂರಲ್ಲಿ ಒಡೆದ ಶೀಟನ್ನು ತೋಟದ ದಾರಿಯ ಹೊಂಡಕ್ಕೆ ತುಂಬುತ್ತಾರೆ, ಮಕ್ಕಳು ಅದರ ಮೇಲೆ ಸೈಕಲ್ಲು ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲಿ ಒಪ್ಪಿಸಬೇಕೆಂದು ತೆಗೆಯುವ ಮೊದಲೇ ಪಂಚಾಯತಿನಲ್ಲಿ ವಿಚಾರಿಸಿ.

ಬದಿಯಡ್ಕದಿಂದ:

ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾಗಿ ಎರಡು ಮಾತು. ಹಂಚಿನಡಿ ಇಲಿಯ ಗೂಡು ಇರುತ್ತದೆ, ಕೈಯಲ್ಲಿ ಗಾಯ ಇದ್ದವರಿಗೆ ಇಲಿ ಜ್ವರ ತಗುಲಬಹುದು. ಗಾಯ ಕಟ್ಟಿಕೊಂಡು ಕೈಗವಸು ಹಾಕಲಿ. ಕೆಲಸದ ನಂತರ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡ ಮಾಡದೆ ವೈದ್ಯರಿಗೆ ತೋರಿಸಿ, ಹಂಚು ಇಳಿಸಿದ ವಿಷಯವನ್ನೂ ಹೇಳಿ. ಅಡಿಗೆಮನೆಯ ಮೇಲಿನ ಇಲ್ಲಣ ಬೀಳುವ ದಿನ ಅಮ್ಮನನ್ನು ನೆಂಟರ ಮನೆಗೆ ಕಳಿಸಿಕೊಡಿ. ಹಂಚಿನ ಸಂದಿಯಲ್ಲಿ ಚೇಳು, ಕಣಜ ಇರುತ್ತದೆ, ಸಂದಿಗೆ ಬೆರಳು ತೂರಿಸುವ ಮೊದಲು ಕೋಲಿನಿಂದ ತಟ್ಟಲಿ.

ಪೆರ್ಲದಿಂದ:

ಬರೆಯಲು ಮರೆತಿದ್ದೆ. ವಿದ್ಯುತ್ತಿನ ಸರ್ವೀಸ್ ವೈರು ಸೂರಿಗೆ ತಾಗಿಕೊಂಡು ಬಂದಿದ್ದರೆ ಮೊದಲೇ ಕೆ.ಎಸ್.ಇ.ಬಿ. (ಕೇರಳ ವಿದ್ಯುತ್ ಮಂಡಳಿ) ಕಚೇರಿಗೆ ಅರ್ಜಿ ಕೊಟ್ಟು ಬಿಡಿಸಿಕೊಳ್ಳಿ. ಪಕ್ಕಾಸಿಗೆ ಹೊಡೆದ ಹಳೆಯ ವೈರಿಂಗನ್ನು ಉಳಿಸಿಕೊಳ್ಳುವ ಆಸೆ ಬೇಡ.

ನೀರ್ಚಾಲಿನಿಂದ:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಮಗ ತಿರುಪುಳಿ ಹಿಡಿದು ಅಟ್ಟ ಹತ್ತಿದ. ಮೂವತ್ತಾರು ಪಕ್ಕಾಸಿನಲ್ಲಿ ಒಂಬತ್ತಕ್ಕೆ ಮಾತ್ರ ತಿರುಪುಳಿ ಇಳಿಯಿತು, ಎಲ್ಲವೂ ಬಚ್ಚಲಿನ ಕಡೆಯವು. ಎರಡು ದಿನದ ಗುತ್ತಿಗೆ ಬೇಡವೆಂದು ಹೇಳಿಬಿಟ್ಟೆ. ಊರಿನ ಆರು ಜನ, ಹನ್ನೆರಡು ದಿನ ಎಂದು ಮಾತಾಗಿದೆ. ಅಮ್ಮ ಈಗಿನಿಂದಲೇ ಹಾಳೆ ಕೂಡಿಹಾಕುತ್ತಿದ್ದಾರೆ. ಮುಳ್ಳೇರಿಯದ ಅಣ್ಣನಿಗೆ ಒಂದು ಪ್ರಶ್ನೆ. ಪ್ರತಿ ಪಕ್ಕಾಸಿನ ಬುಡದಲ್ಲಿ ಉಳಿಯಿಂದ ಹೊಡೆದ ಗೆರೆಗಳಿವೆ. ಒಂದರಲ್ಲಿ ಒಂದು ಗೆರೆ, ಪಕ್ಕದ್ದರಲ್ಲಿ ಎರಡು, ಮೂರು, ಆಮೇಲೆ ಒಂದು ಅಡ್ಡಗೆರೆ. ಮಸಿ ಒರೆಸಿದಾಗ ಕಂಡಿತು. ಏನದು?

ಮುಳ್ಳೇರಿಯದಿಂದ:

ಅದೇ ಗುರುತು, ಅಕ್ಕ. ನಿಮ್ಮ ಅಜ್ಜನ ಕಾಲದ ಆಚಾರಿಯವರು ನೆಲದಲ್ಲಿ ಜೋಡಿಸಿ ನೋಡಿ ಮೇಲೇರಿಸುವಾಗ ಹಾಕಿದ ಲೆಕ್ಕ. ಅಡ್ಡಗೆರೆ ಐದಕ್ಕೋ ಹತ್ತಕ್ಕೋ ಎಂದು ಎಣಿಸಿ ನೋಡಿದರೆ ತಿಳಿಯುತ್ತದೆ. ನೀವು ಹೊಸ ಗುರುತು ಹಾಕುವುದು ಬೇಡ, ಅದನ್ನೇ ಅನುಸರಿಸಿ. ಬದಲಾಯಿಸುವ ಒಂಬತ್ತಕ್ಕೂ ಅದೇ ಜಾಗದಲ್ಲಿ ಅಷ್ಟೇ ಗೆರೆ ಹೊಡೆಸಿ.