ಪದ ಬೇಕು: ಪೆನ್‌ಡ್ರೈವ್ "ಬೂಟ್ ಆಗಲಿಲ್ಲ" ಅನ್ನಲು

ಕಲಬುರಗಿಯಿಂದ:
ನಮಸ್ಕಾರ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಒಂದು ಸೂಚನೆ ಹಚ್ಚಬೇಕು. ಸಂಜೆ 5ಕ್ಕೆ ಪ್ರಿಂಟ್‌ಗೆ ಹೋಗುತ್ತದೆ. ಹುಡುಗರು ಐಎಸ್‌ಒ ಫೈಲನ್ನು (ಇಡೀ ಡಿಸ್ಕಿನ ನಕಲನ್ನು ಒಂದೇ ಫೈಲಿನಲ್ಲಿಟ್ಟದ್ದು, ಅದಕ್ಕೇ ಇಮೇಜ್ ಅನ್ನುವುದು) ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿಕೊಂಡು ಬರುತ್ತಾರೆ. ಆಮೇಲೆ ಲಿನಕ್ಸ್ (ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್) ಏಳುವುದಿಲ್ಲ ಅಂತ ನನ್ನನ್ನು ಕರೆಯುತ್ತಾರೆ. ಹಾಗಲ್ಲ, ರೂಫಸ್‌ನಂಥ ತಂತ್ರಾಂಶದಿಂದ ಇಮೇಜ್ ಬರೆಯಬೇಕು ಅಂತ ತಿಳಿಸಬೇಕು.

ಎರಡು ಪದ ಬೇಕು. ಮೊದಲನೆಯದು "ಬೂಟ್ ಆಗು", ಅಂದರೆ ಮಶೀನಿನಲ್ಲಿ ಆಪರೇಟಿಂಗ್ ಸಿಸ್ಟಮ್ ಎದ್ದು ಬರುವುದು. ನಮ್ಮ ಕಡೆ ಎಲ್ಲದಕ್ಕೂ "ಚಾಲೂ" ಅಂತೀವಿ. ಆದರೆ ಇಲ್ಲಿ ಮಶೀನು ಚಾಲೂ ಇದೆ, ಫ್ಯಾನ್ ತಿರುಗುತ್ತಿದೆ, ಬೂಟ್ ಮಾತ್ರ ಆಗಿಲ್ಲ. ಇನ್ನೊಂದು "ಇಮೇಜ್". ಚಿತ್ರ ಅಂತ ಬರೆದರೆ ಫೋಟೊ ಹಾಕಿಕೊಂಡು ಬರುತ್ತಾರೆ.

ಬೀದರ್‌ನಿಂದ:
ಏಳು, ಎಬ್ಬಿಸು. ಮುಗಿಯಿತು. ಇಂಗ್ಲಿಷಿನ ಬೂಟ್ ಬಂದಿದ್ದು ಬೂಟ್‌ಸ್ಟ್ರ್ಯಾಪ್‌ನಿಂದ. ಬೂಟು ಎಳೆದು ಹಾಕಿಕೊಳ್ಳಲು ಇರುವ ಪಟ್ಟಿ ಅದು. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವುದು, ಅಂದರೆ ತಾನೇ ಏಳುವುದು. ನೀವೇ "ಏಳುವುದಿಲ್ಲ" ಅಂತ ಬರೆದಿದ್ದೀರಿ, ನೋಡಿ. ಬೂಟ್ ಆಗುವ ಪೆನ್‌ಡ್ರೈವ್‌ಗೆ ಏಳುಕಡ್ಡಿ ಅನ್ನಿ. ಇಮೇಜಿಗೆ ಪಡಿಯಚ್ಚು. ಬೇಕಾದರೆ ಚಾಲನೆ ಅನ್ನಬಹುದು. ಚಾಲೂ ಬೇಡ, ಅದು ಹೊರಗಿನದು.

ಯಾದಗಿರಿಯಿಂದ:
ಚಾಲನೆ ಒಳಗಿನದು, ಚಾಲೂ ಹೊರಗಿನದು ಅಂದ್ರೆ ಹೇಗೆ ಸರ್? ಎರಡರ ಬೇರೂ ಸಂಸ್ಕೃತದ ಚಲ್. ಒಂದು ನೇರ ಬಂತು, ಇನ್ನೊಂದು ಮರಾಠಿ, ಹಿಂದಿ ಸುತ್ತಿಕೊಂಡು ಬಂತು. ಇನ್ನು ಏಳುಕಡ್ಡಿ ಅಂದರೆ ಹುಡುಗರು ಏಳು ಊದುಬತ್ತಿ ಎಣಿಸುತ್ತಾರೆ.

ಮೇಡಂ, "ಬೂಟ್ ಆಗು" ಅಂತಲೇ ಬರೆಯಿರಿ. ಖರೀದಿ, ರವಾನೆ ಪಾರಸಿಯವು. ಬದಲು ಅರಬ್ಬಿಯದು. ಅವಕ್ಕೆಲ್ಲ "ಇಸು" ಹಚ್ಚಿ ಖರೀದಿಸು, ರವಾನಿಸು, ಬದಲಿಸು ಮಾಡಿಕೊಂಡೆವು. ಬೂಟಿಗೆ ಅಷ್ಟೂ ಬೇಡ, "ಆಗು" ಸಾಕು. ಪಡಿಯಚ್ಚು ಮಾತ್ರ ಚೆನ್ನಾಗಿದೆ, ಒಪ್ಪಿದೆ.

ಬೀದರ್‌ನಿಂದ:
ಕೊಳ್ಳು ಇರುವಾಗ ಖರೀದಿಸು ಯಾಕೆ ಬೇಕಿತ್ತು? ಸೋಮಾರಿತನ.

ಯಾದಗಿರಿಯಿಂದ:
ಹಾಗಾದರೆ ಜಿಲ್ಲೆ, ತಾಲೂಕು, ಅರ್ಜಿಗೂ ಪದ ಕೊಡಿ. ಹೋಗಿ ತಹಶೀಲ್ದಾರರಿಗೆ ಅದರಲ್ಲೇ ಬರೆದುಕೊಡುತ್ತೇನೆ.

ಕಲಬುರಗಿಯಿಂದ:
ಜಗಳ ಆಮೇಲೆ ಮಾಡಿ. ಇಷ್ಟು ಬರೆದಿದ್ದೇನೆ, ತಪ್ಪಿದ್ದರೆ ಹೇಳಿ:

"ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತಿಲ್ಲವೇ? ಐಎಸ್‌ಒ ಪಡಿಯಚ್ಚನ್ನು ಕಾಪಿ ಮಾಡಿದರೆ ಸಾಲದು, ರೂಫಸ್‌ನಿಂದ ಬರೆಯಿರಿ. ಬರೆಯುವಾಗ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿದುಹೋಗುತ್ತದೆ. ಬೂಟ್ ಮೆನುವಿನಲ್ಲಿ ಯುಎಸ್‌ಬಿ ಆರಿಸಿ. ಆದರೂ ಆಗದಿದ್ದರೆ ಸೆಕ್ಯೂರ್ ಬೂಟ್ (ನಂಬಿಕೆಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಅಡ್ಡ ಬರುತ್ತಿದೆಯೇ ನೋಡಿ."

ಕಲಬುರಗಿಯ ಇನ್ನೊಬ್ಬರಿಂದ:
ಭಾಷೆ ನಿಮಗೆ ಬಿಟ್ಟದ್ದು. ಆದರೆ ಒಂದು ಸಾಲು ಸೇರಿಸಿ. ಲ್ಯಾಬಿನಲ್ಲಿ ಹಳೆಯ ಬಯೋಸ್ (ಮಶೀನನ್ನು ಬೂಟ್ ಮಾಡಿಸುವ ಒಳತಂತ್ರಾಂಶ) ಮಶೀನುಗಳಿದ್ದರೆ ರೂಫಸ್‌ನಲ್ಲಿ ಪಾರ್ಟಿಶನ್ ಬಗೆ, ಅಂದರೆ ಡ್ರೈವನ್ನು ಭಾಗ ಮಾಡುವ ರೀತಿ, ಎಂಬಿಆರ್ ಇರಲಿ. ಜಿಪಿಟಿ ಅನ್ನುವ ಇನ್ನೊಂದು ಬಗೆ ಇರುವುದು ಯುಇಎಫ್‌ಐ (ಬಯೋಸ್ ಬದಲಿಗೆ ಬಂದ ಹೊಸದು) ಮಶೀನಿಗೆ. ಇದು ಅದಲುಬದಲಾದರೆ ಪಡಿಯಚ್ಚು ಸರಿಯಾಗಿ ಬರೆದಿದ್ದರೂ ಬೂಟ್ ಆಗದೇ ಹೋಗಬಹುದು. ಹುಡುಗರು ಪೆನ್‌ಡ್ರೈವ್ ಕೆಟ್ಟಿದೆ ಅಂತ ಹೊಸದು ತರುತ್ತಾರೆ. ಸುಮ್ನೆ ಖರ್ಚು.

ಕಲಬುರಗಿಯಿಂದ:
ಸೇರಿಸಿದೆ. ಪಾರ್ಟಿಶನ್‌ಗೆ ಏನನ್ನಲಿ?

ಬೀದರ್‌ನಿಂದ:
ಪಾಲು.

ಯಾದಗಿರಿಯಿಂದ:
ಹೊಲಕ್ಕೆ ವಾಟ್ನಿ ಅಂತೀವಲ್ವಾ, ಅದೇ ಇರಲಿ.

ಬೀದರ್‌ನಿಂದ:
ಅದೂ ಮರಾಠಿ.