ಫಿಸ್ಟುಲಾ: ಕೆಲವು ತಾವಾಗೇ ಮುಚ್ಚುತ್ತವೆ, ಕೆಲವು ಯಾಕೆ ಮುಚ್ಚಲ್ಲ?

ಪ್ರಶ್ನೆ
ಗುದದ ಪಕ್ಕ ಕೀವು ಸೋರುವ ತೂತಿಗೂ ಫಿಸ್ಟುಲಾ ಅಂತಾರೆ, ಮೂತ್ರಕೋಶದಿಂದ ಯೋನಿಗೆ ಆಗುವ ದಾರಿಗೂ ಫಿಸ್ಟುಲಾ, ಡಯಾಲಿಸಿಸ್‌ಗೆಂದು ಕೈಯಲ್ಲಿ ಮಾಡುವುದಕ್ಕೂ ಅದೇ ಹೆಸರು. ವಿಂಗಡಿಸುವುದು ಹೇಗೆ? ಕರುಳಿನದು ಕೆಲವೊಮ್ಮೆ ತಾನಾಗೇ ಮುಚ್ಚುತ್ತದಂತೆ, ಗುದದ್ದು ವರ್ಷಗಟ್ಟಲೆ ಸೋರುತ್ತದಂತೆ. ಕಾರಣವೇನು?

ಉತ್ತರ 1
ಯಾವ ಎರಡು ಜಾಗಗಳ ನಡುವೆ ದಾರಿ ಬಿದ್ದಿದೆ ಅನ್ನುವುದರ ಮೇಲೆ ಹೆಸರು. ಎರಡೂ ತುದಿಯಲ್ಲಿ ಬಾಯಿ ಇದ್ದರೆ ಫಿಸ್ಟುಲಾ. ಒಂದೇ ಬಾಯಿ ಇದ್ದು ಒಳಗೆ ಎಲ್ಲೋ ಮುಗಿದುಹೋದರೆ ಅದು ಸೈನಸ್.

ಗುದದ್ದು, ಅಂದರೆ ಭಗಂದರ, ಹೆಚ್ಚಾಗಿ ಗುದನಾಳದ ಗೋಡೆಯ ಸಣ್ಣ ಗ್ರಂಥಿಗೆ ಸೋಂಕು ತಗುಲಿ ಶುರುವಾಗುತ್ತದೆ. ಅಲ್ಲಿ ಕಟ್ಟಿದ ಕೀವು ಚರ್ಮ ಒಡೆದು ಹೊರಬರುತ್ತದೆ. ಹೊರಬಾಯಿ ಒಣಗಿದರೂ ಒಳಬಾಯಿ ತೆರೆದೇ ಇರುತ್ತದೆ, ಆ ದಾರಿಯಲ್ಲಿ ಸೋಂಕು ಮತ್ತೆ ಮತ್ತೆ ನುಗ್ಗುತ್ತದೆ. ಹಾಗಾಗಿ ಬರೀ ಆಂಟಿಬಯಾಟಿಕ್‌ನಿಂದ ವಾಸಿಯಾಗುವುದಿಲ್ಲ. ದಾರಿ ಮಲ ತಡೆಹಿಡಿಯುವ ಸ್ನಾಯುವನ್ನು ಸ್ವಲ್ಪವೇ ದಾಟಿದ್ದರೆ ಸೀಳಿ ಬಿಡುತ್ತಾರೆ. ಹೆಚ್ಚು ಸ್ನಾಯು ಸಿಕ್ಕಿದ್ದರೆ ಸೀಳಬಾರದು, ಮಲದ ಹಿಡಿತವೇ ತಪ್ಪಬಹುದು. ಆಗ ಸೆಟನ್ ಎಂಬ ದಾರ ಪೋಣಿಸಿ ಕೀವು ಬಸಿಯಲು ಬಿಡುತ್ತಾರೆ. ಮರುಕಳಿಸಿದ್ದರೆ ಎಂಆರ್‌ಐ ಮಾಡಿಸದೆ ಚಾಕು ಹಾಕುವುದು ತಪ್ಪೆಂದೇ ನನ್ನ ಖಚಿತ ಅಭಿಪ್ರಾಯ: ಕವಲು ದಾರಿ ಒಂದು ಉಳಿದರೂ ಕೆಲಸ ಕೆಟ್ಟಂತೆ.

ಉತ್ತರ 2
ಕರುಳಿಂದ ಚರ್ಮಕ್ಕೆ ಬಿದ್ದ ದಾರಿಯಲ್ಲಿ ಮೊದಲು 24 ಗಂಟೆಯ ಸೋರಿಕೆ ಅಳೆಯಿರಿ. 200 ಮಿ.ಲೀ.ಗಿಂತ ಕಡಿಮೆಯಾದರೆ ಸಣ್ಣದು, 500 ದಾಟಿದರೆ ದೊಡ್ಡದು. ದೊಡ್ಡದರಲ್ಲಿ ನೀರು, ಸೋಡಿಯಂ, ಪೊಟ್ಯಾಸಿಯಂ ಬೇಗ ಕುಸಿಯುತ್ತವೆ. ಸಣ್ಣ ಕರುಳಿನ ರಸ ಚರ್ಮವನ್ನೇ ಸುಡುತ್ತದೆ, ಆದ್ದರಿಂದ ಸೋರಿಕೆ ಹಿಡಿಯುವ ಚೀಲದ ತೂತನ್ನು ಗಾಯದ ಅಳತೆಗೇ ಕತ್ತರಿಸಿ ಅಂಟಿಸಬೇಕು. ಕ್ರಮ ಹೀಗಿರಲಿ: ಸೋಂಕಿನ ಹತೋಟಿ, ನೀರು-ಲವಣ, ಪೋಷಣೆ, ಆಮೇಲೆ ಸ್ಕ್ಯಾನ್. ಶಸ್ತ್ರಚಿಕಿತ್ಸೆ ಕಡೆಗೆ.

ತೂತಿನಿಂದ ಮುಂದಿನ ಕರುಳಲ್ಲಿ ಅಡಚಣೆ, ಒಳಗೆ ಉಳಿದ ಬಾಹ್ಯವಸ್ತು, ಕ್ಯಾನ್ಸರ್, ವಿಕಿರಣದ ಹಾನಿ, ಆರದ ಸೋಂಕು, ದಾರಿಯೊಳಗೇ ಚರ್ಮದಂಥ ಪದರ ಬೆಳೆದಿರುವುದು: ಇವುಗಳಲ್ಲಿ ಒಂದಿದ್ದರೂ ತಾನಾಗೇ ಮುಚ್ಚುವ ಸಾಧ್ಯತೆ ಕಡಿಮೆ. ಸ್ಟೀರಾಯ್ಡ್ ಕೂಡ ಗಾಯ ಮಾಯಲು ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದ. ಯೋನಿಯಿಂದ ಮೂತ್ರ ಸೋರಿದರೆ ಮೂತ್ರಕೋಶದ್ದೋ ಮೂತ್ರನಾಳದ್ದೋ ಎಂದು ತಿಳಿಯುವುದು ಹೇಗೆ?

ಉತ್ತರ 3
ಯೋನಿಯಲ್ಲಿ ಒಂದರ ಹಿಂದೆ ಒಂದರಂತೆ ಮೂರು ಹತ್ತಿಯುಂಡೆ ಇಟ್ಟು, ಕ್ಯಾತಿಟರ್ (ಮೂತ್ರದ ಕೊಳವೆ) ಮೂಲಕ ಮೂತ್ರಕೋಶಕ್ಕೆ ಮಿಥೈಲೀನ್ ಬ್ಲೂ ಎಂಬ ನೀಲಿ ಬಣ್ಣ ಬಿಡುತ್ತಾರೆ. ನಡುವಿನದು ನೀಲಿಯಾದರೆ ಮೂತ್ರಕೋಶದ್ದು. ಮೇಲಿನದು ಬಣ್ಣವಿಲ್ಲದೆ ಒದ್ದೆಯಾದರೆ ಕಿಡ್ನಿಯಿಂದ ಬರುವ ಮೂತ್ರನಾಳದ್ದು. ಕೆಳಗಿನದು ಮಾತ್ರ ನೀಲಿಯಾದರೆ ಮೂತ್ರಕೋಶದಿಂದ ಮೂತ್ರ ಹೊರಹೋಗುವ ದಾರಿಯ ಸೋರಿಕೆ ಇರಬಹುದು. ಹೆರಿಗೆ ತುಂಬ ಹೊತ್ತು ಅಡ್ಡಗಟ್ಟಿದಾಗ ಮಗುವಿನ ತಲೆಯ ಒತ್ತಡಕ್ಕೆ ಅಂಗಾಂಶ ಸತ್ತು ಈ ತೂತು ಬೀಳುತ್ತದೆ. ಗರ್ಭಕೋಶ ತೆಗೆಯುವಾಗ ಆದ ಗಾಯದಿಂದಲೂ ಬರುತ್ತದೆ. ಬೇಗ ಪತ್ತೆಯಾದ ಸಣ್ಣ ತೂತು ಕೆಲವು ವಾರ ಕ್ಯಾತಿಟರ್ ಇಟ್ಟರೇ ಮುಚ್ಚಬಹುದು.

ಮೂತ್ರದ ಜೊತೆ ಗಾಳಿಯ ಗುಳ್ಳೆ ಬಂದರೆ ದೊಡ್ಡ ಕರುಳು-ಮೂತ್ರಕೋಶದ ದಾರಿಯನ್ನು ಶಂಕಿಸಿ, ಸಿಟಿ ಸ್ಕ್ಯಾನ್ ಬೇಕು. ನವಜಾತ ಶಿಶು ಹಾಲು ಕುಡಿಯುವಾಗಲೆಲ್ಲ ಕೆಮ್ಮಿ ನೀಲಿಗಟ್ಟಿದರೆ ಅನ್ನನಾಳ-ಶ್ವಾಸನಾಳದ ದಾರಿ ಇರಬಹುದು. ಹಾಲು ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಡಯಾಲಿಸಿಸ್‌ನದು ಬೇಕೆಂದೇ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿದ್ದು. ಆ ಕೈಯಲ್ಲಿ ಬಿಪಿ ನೋಡಬಾರದು, ಪರೀಕ್ಷೆಗೆ ರಕ್ತ ತೆಗೆಯಬಾರದು. ದಿನವೂ ಬೆರಳಿಟ್ಟು ಕಂಪನ ನೋಡಿಕೊಳ್ಳಬೇಕು. ಅದು ನಿಂತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಡಯಾಲಿಸಿಸ್ ಘಟಕಕ್ಕೆ ತಿಳಿಸಿ.